ಕೆರೆಯ ಸುತ್ತ ಬಿಳಿ ಮನೆಗಳು

ಪ್ರಶ್ನೆ: ನಮ್ಮ ಕುಟುಂಬದ ಮೂಲಮನೆಯ, ಅಂದರೆ ಐನ್‌ಮನೆಯ, ಮಾಡು ಸೋರುತ್ತಿದೆ. ಕೆಡವಿ ಆರ್‌ಸಿಸಿ ಹಾಕೋಣ ಎನ್ನುತ್ತಾರೆ ದೊಡ್ಡಪ್ಪನ ಮಕ್ಕಳು. ಹಿಂದಿನ ಸಂಚಿಕೆಯಲ್ಲಿ ನೀವು ಜೆಕ್ ದೇಶದ ಹೊಲಶೊವಿಟ್ಸೆ ಎಂಬ ಹಳ್ಳಿಯ ಹೆಸರು ಹೇಳಿದ್ದಿರಿ. ಅಲ್ಲಿಯವರು ಹಳೇ ಮನೆಗಳನ್ನು ಉಳಿಸಿಕೊಂಡದ್ದು ಹೇಗೆ?
– ಓದುಗಿ, ನಾಪೋಕ್ಲು, ಕೊಡಗು

ಉತ್ತರ: ತಂಗೀ, ಆ ಮನೆಗಳು ಮೊದಲು ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ. ಊರು ಬರಿದಾಗಿತ್ತು, ಅದಕ್ಕೆ ಉಳಿದವು.

1520ರಿಂದ 1525ರ ನಡುವೆ ಪ್ಲೇಗು ಬಂದು ಅಲ್ಲಿ ಬದುಕುಳಿದವರು ಇಬ್ಬರೇ ಇಬ್ಬರು. ಆಮೇಲೆ ಬವೇರಿಯಾ, ಆಸ್ಟ್ರಿಯಾ ಕಡೆಯಿಂದ ರೈತರು ಬಂದು ನೆಲೆಸಿದರು. 1895ರ ಹೊತ್ತಿಗೆ ಊರಲ್ಲಿ ಜರ್ಮನ್ನರು 157, ಜೆಕ್ಕರು ಬರೀ 19. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಜರ್ಮನ್ನರನ್ನು ದೇಶದಿಂದಲೇ ಹೊರಹಾಕಿದರು. ಎಷ್ಟೋ ಮನೆಗಳು ಪಾಳುಬಿದ್ದವು, ಆದರೆ ಅವುಗಳ ಜಾಗದಲ್ಲಿ ಹೊಸದು ಕಟ್ಟುವವರೂ ಇರಲಿಲ್ಲ. 1990ರಿಂದ ರಿಪೇರಿ ಮಾಡಿ ಜನ ಮತ್ತೆ ಸಂಸಾರ ಹೂಡಿದರು. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು.

ಮಗನ ಜೊತೆ ಹತ್ತಿರದ ಪಟ್ಟಣ ಚೆಸ್ಕೆ ಬುಡೆಯೊವಿಟ್ಸೆಯಿಂದ ಬಸ್ಸಲ್ಲಿ ಅಲ್ಲಿಗೆ ಹೋಗಿದ್ದೆ. ನಡುವೆ ಹುಲ್ಲುಗಾವಲು, ಒಂದು ಕೆರೆ, 1755ರ ಪುಟ್ಟ ಪ್ರಾರ್ಥನಾ ಮಂದಿರ. ಸುತ್ತಲೂ ಮನೆಗಳು ಮುಖ ಒಳಕ್ಕೆ ಮಾಡಿ ನಿಂತಿವೆ. ಬಹುತೇಕ ಮನೆಗಳ ಮುಂಗೋಡೆಯ ತುದಿ ಅಲೆಯ ಹಾಗೆ ಬಾಗಿ ಏಳುತ್ತದೆ. ಗಾರೆಯಲ್ಲೇ ಮಾಡಿದ ಬಳ್ಳಿ, ಅದರ ನಡುವೆ ಕಟ್ಟಿದ ಇಸವಿ. ಪಕ್ಕದಲ್ಲಿ ಕಣಜ, ಎರಡರ ಮಧ್ಯೆ ಗಾಡಿ ಹೋಗುವಷ್ಟು ಕಮಾನಿನ ಬಾಗಿಲು. ಆ ಇಸವಿಯ ಕೆಳಗೆ ನಿಂತಾಗ ನನಗೆ ನಮ್ಮ ಕೈಯಾಲೆಯ, ಅಂದರೆ ಮುಂಜಗಲಿಯ, ಐಮರ ಎಂಬ ಕೂರುವ ಹಲಗೆ ನೆನಪಾಗಿ ಗಂಟಲು ಕಟ್ಟಿತು. ಅಜ್ಜ ಕೂತು ಕೂತು ಅದು ನುಣುಪಾಗಿತ್ತು. ನಾವು ಅದನ್ನು ಕೆಡವಿದ್ದೇವೆ, ತಂಗೀ. ಇವತ್ತಿಗೂ ಸಂಕಟವಾಗುತ್ತದೆ.

ಅವರ ಹಾಗೆ ಮಾಡು ಮುಂದೆ ಚಾಚದ ಬೋಳು ಗೋಡೆ ನಮ್ಮ ಮಳೆಗೆ ನಿಲ್ಲುವುದಿಲ್ಲ. ಕೊಡಗಿನ ಮನೆ ಬದುಕುವುದೇ ಮಾಡಿನ ಇಳಿಜಾರಿನಿಂದ. ಸೋರುತ್ತಿದೆ ಎಂದರೆ ಮನೆ ಸತ್ತಿದೆ ಎಂದಲ್ಲ. ಹಂಚು ಒಡೆದಿರಬಹುದು, ರೀಪು ಕುಂಬಾಗಿರಬಹುದು. ಮಳೆ ಬಿಟ್ಟ ಮೇಲೆ ತಿಳಿದ ಬಡಗಿಯೊಬ್ಬರನ್ನು ಅಟ್ಟಕ್ಕೆ ಹತ್ತಿಸಿ ನೋಡಿಸಿ, ಖರ್ಚೆಷ್ಟೆಂದು ಬರೆಸಿಕೊಳ್ಳಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಒಕ್ಕದ, ಅಂದರೆ ಕುಲದ, ಜನರೆಲ್ಲ ದೀಪವಿಡುವ ನಡುಮನೆ ನೆಲ್ಲಕ್ಕಿ ನಡುಬಾಡೆಯಲ್ಲಿ ಸೇರಿದಾಗ, ದೀಪ ಹಚ್ಚಿದ ಮೇಲೆ, ಆ ಚೀಟಿ ದೊಡ್ಡಪ್ಪನ ಕೈಗೇ ಕೊಡಿ.