ಬೋರ್‌ವೆಲ್ ಮೋಟಾರ್ ಕಂಟ್ರೋಲರ್‌ಗೆ ಮೊದಲ ಪಿಸಿಬಿ: ಎಲ್ಲಿ ಮಾಡಿಸಲಿ, ಏನೇನು ಫೈಲ್ ಕಳಿಸಲಿ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ, ಚನ್ನಗಿರಿ ಕಡೆ ಅಪ್ಪನ ಅಡಿಕೆ ತೋಟ, ಅಲ್ಲಿನ ಬೋರ್‌ವೆಲ್ ಮೋಟಾರನ್ನು ಫೋನಿನಿಂದ ಆನ್-ಆಫ್ ಮಾಡುವ ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್. ಜೀರೋ ಪಿಸಿಬಿ (ಬರೀ ತೂತುಗಳಿರುವ ಪ್ರಯೋಗದ ಬೋರ್ಡ್) ಮೇಲೆ ಕೆಲಸ ಮಾಡಿದೆ, ಕಿಕ್ಯಾಡ್‌ನಲ್ಲಿ (ಬೋರ್ಡ್ ಡಿಸೈನ್ ಸಾಫ್ಟ್‌ವೇರ್) ಲೇಔಟ್ ಆಗಿದೆ, ಅದರ ಚಿತ್ರವನ್ನೂ ಹಾಕಿದ್ದೀರಿ, ಐದು ಬೋರ್ಡ್ ಸಾಕು. ಚೀನಾದಿಂದ ತರಿಸಲಾ, ಬೆಂಗಳೂರಿಗೆ ಕೊಡಲಾ, ಯಾವ ಫೈಲ್ ಕಳಿಸಬೇಕು ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲೇ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಆಟೋ ಸ್ಟಾರ್ಟರ್ ಬೋರ್ಡುಗಳನ್ನು ನಾನೇ ಡಿಸೈನ್ ಮಾಡಿ ಹೊರಗಡೆ ಮಾಡಿಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಯಾರ ಹತ್ತಿರ ಮಾಡಿಸುತ್ತೀರಿ ಅನ್ನೋದಕ್ಕಿಂತ ಏನು ಕಳಿಸುತ್ತೀರಿ ಅನ್ನೋದೇ ಮುಖ್ಯ. ಫ್ಯಾಕ್ಟರಿಯವರು ನಿಮ್ಮ ಸರ್ಕ್ಯೂಟ್ ನೋಡುವುದಿಲ್ಲ. ಎಲ್ಲಿ ತಾಮ್ರ ಉಳಿಯಬೇಕು, ಎಲ್ಲಿ ತೂತು ಬೀಳಬೇಕು, ಅಷ್ಟೇ ಅವರಿಗೆ ಕಾಣುವುದು. ಫೈಲಿನಲ್ಲಿ ತಪ್ಪಿದ್ದರೆ ಐದೂ ಬೋರ್ಡಿನಲ್ಲಿ ಅದೇ ತಪ್ಪು ಬರುತ್ತದೆ.

ಆದರೂ ಮೊದಲು ಎಲ್ಲಿ ಅನ್ನೋದನ್ನೇ ಮುಗಿಸೋಣ. ಚೀನಾದ ಜೆಎಲ್‌ಸಿಪಿಸಿಬಿ, ಪಿಸಿಬಿವೇ ಹೆಸರು ನೀವೂ ಕೇಳಿರುತ್ತೀರಿ. 100 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಒಳಗಿನ ಎರಡು ಲೇಯರ್ (ಎರಡೂ ಮುಖದಲ್ಲಿ ತಾಮ್ರ ಇರುವ) ಬೋರ್ಡಿಗೆ ಕೆಲವೇ ಡಾಲರ್ ತೋರಿಸುತ್ತಾರೆ. ಆ ರೇಟ್ ನೋಡಿ ತೀರ್ಮಾನ ಮಾಡಬೇಡಿ. ಅದರ ಮೇಲೆ ಕೊರಿಯರ್, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜು ಎಲ್ಲಾ ಸೇರುತ್ತದೆ, ಕೆವೈಸಿ ದಾಖಲೆಯೂ ಕೇಳುತ್ತಾರೆ. ಐದೇ ಬೋರ್ಡ್ ತರಿಸಿದರೆ ಬೋರ್ಡಿಗಿಂತ ಸಾಗಣೆಗೇ ಜಾಸ್ತಿ ಹೋಗುತ್ತದೆ. ನಿಮ್ಮ ಕ್ಲಾಸಿನ ನಾಲ್ಕೈದು ಪ್ರಾಜೆಕ್ಟ್ ತಂಡದವರು ಸೇರಿ ಒಂದೇ ಪಾರ್ಸೆಲ್‌ನಲ್ಲಿ ತರಿಸಿದರೆ ಆಗ ಲೆಕ್ಕ ಕೂಡುತ್ತದೆ.

ನಮ್ಮ ದೇಶದಲ್ಲೇ ಗುಜರಾತಿನ ಗಾಂಧಿನಗರದ ಪಿಸಿಬಿ ಪವರ್, ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್ ಥರದವರು ಫೈಲ್ ಅಪ್‌ಲೋಡ್ ಮಾಡಿದರೆ ಆನ್‌ಲೈನ್‌ನಲ್ಲೇ ರೇಟ್ ಹೇಳುತ್ತಾರೆ, ಬಿಲ್ ಸಮೇತ ದಾವಣಗೆರೆಗೆ ಕಳಿಸುತ್ತಾರೆ. ನಂಜನಗೂಡಿನಲ್ಲಿ ಎಟಿ ಅಂಡ್ ಎಸ್ ಅನ್ನುವ ಆಸ್ಟ್ರಿಯಾ ಮೂಲದ ಕಂಪನಿಯ ದೊಡ್ಡ ಪಿಸಿಬಿ ಕಾರ್ಖಾನೆ ಇದೆ, ಆದರೆ ಅದು ದೊಡ್ಡ ಆರ್ಡರುಗಳ ಜಾಗ, ನಮ್ಮಂಥ ಐದು ಬೋರ್ಡಿನವರಿಗಲ್ಲ. ನಿಮ್ಮ ಮೊದಲ ಬೋರ್ಡ್ ಅಂದಿರಲ್ಲ, ನಾನಾದರೆ ಇಲ್ಲಿಯವರಿಗೇ ಕೊಡುತ್ತಿದ್ದೆ. ಕಾರಣ ರೇಟ್ ಅಲ್ಲ, ಫೋನು. ಒಂದು ಸಲ ಸಂಜೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಫ್ಯಾಕ್ಟರಿಯ ಹುಡುಗ ಫೋನ್ ಮಾಡಿ, "ಸರ್, ನಿಮ್ಮ ಬೋರ್ಡಿನ ಅಂಚು ಒಂದು ಲೇಯರಲ್ಲಿ 80 ಮಿ.ಮೀ. ಇದೆ, ಇನ್ನೊಂದರಲ್ಲಿ 84 ಇದೆ, ಯಾವುದರ ಪ್ರಕಾರ ಕತ್ತರಿಸಲಿ?" ಅಂತ ಕೇಳಿದ. ಹಳೇ ಡ್ರಾಯಿಂಗಿನ ಗೆರೆ ಅಳಿಸದೆ ಬಿಟ್ಟಿದ್ದೆ. 80 ಅಂತ ಕತ್ತರಿಸಿದ್ದರೆ ಟರ್ಮಿನಲ್ ಬ್ಲಾಕಿನ (ವೈರ್ ಬಿಗಿಯುವ ಕನೆಕ್ಟರ್) ಪ್ಯಾಡ್, ಅಂದರೆ ಬೆಸುಗೆ ಹಾಕುವ ತಾಮ್ರದ ಜಾಗ, ಅರ್ಧಕ್ಕೇ ಹೋಗುತ್ತಿತ್ತು. ಆ ಒಂದು ಕಾಲ್‌ನಿಂದ ಇಡೀ ಬ್ಯಾಚ್ ಉಳಿಯಿತು.

ಹಾಗಾಗಿ ಕೊಡುವ ಮುಂಚೆ ಎರಡು ವಿಷಯ ಕೇಳಿ. ಮಾಡುವ ಮುಂಚೆ ಫೈಲ್ ಚೆಕ್ ಮಾಡಿ ಅನುಮಾನ ಇದ್ದರೆ ಕೇಳುತ್ತೀರಾ? ಬೇರ್ ಬೋರ್ಡ್ ಟೆಸ್ಟಿಂಗ್ (ಪಾರ್ಟ್ ಕೂರಿಸುವ ಮುಂಚೆ ಬೋರ್ಡಿನ ಸಂಪರ್ಕಗಳ ಪರೀಕ್ಷೆ) ರೇಟಿನಲ್ಲಿ ಸೇರಿದೆಯಾ? ಟೆಸ್ಟಿಂಗ್ ಬಿಡಬೇಡಿ. ಒಮ್ಮೆ ರೇಟು ಕಮ್ಮಿ ಅಂತ ಒಬ್ಬರ ಹತ್ತಿರ ಟೆಸ್ಟಿಂಗ್ ಇಲ್ಲದೆ 20 ಬೋರ್ಡ್ ಮಾಡಿಸಿದೆ. ಅದರಲ್ಲಿ ಎರಡು ಬೋರ್ಡಿನಲ್ಲಿ ಒಂದು ವಯಾದ (ಮೇಲಿನ-ಕೆಳಗಿನ ತಾಮ್ರ ಸೇರಿಸುವ ತೂತು) ಒಳಗೆ ತಾಮ್ರವೇ ಹಿಡಿದಿರಲಿಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೇಲೆ ಹಸಿರು ಮಾಸ್ಕ್ (ತಾಮ್ರ ಮುಚ್ಚುವ ಲೇಪ) ಮುಚ್ಚಿರುತ್ತದೆ. ಪ್ರೋಗ್ರಾಂ ತಪ್ಪು ಅಂದುಕೊಂಡು ಎರಡು ದಿನ ಕೋಡ್ ಹುಡುಕಿದೆ. ಕೊನೆಗೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಹಾಕಿ ಟ್ರ್ಯಾಕಿನ (ತಾಮ್ರದ ಗೆರೆ) ಎರಡೂ ಕಡೆ ಮುಟ್ಟಿಸಿದರೆ ಬೀಪ್ ಸದ್ದೇ ಬರಲಿಲ್ಲ.

ಆರ್ಡರ್ ಮಾಡುವಾಗ ಬರುವ ಆಯ್ಕೆಗಳಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಎಫ್‌ಆರ್-4 (ಫೈಬರ್‌ಗ್ಲಾಸ್ ಹಾಳೆ), 1.6 ಮಿ.ಮೀ. ದಪ್ಪ, 1 ಔನ್ಸ್ ಅಂದರೆ 35 ಮೈಕ್ರಾನ್ ತಾಮ್ರ, ಹಸಿರು ಮಾಸ್ಕ್, ಎಚ್‌ಎಎಸ್‌ಎಲ್ ಫಿನಿಶ್ (ಪ್ಯಾಡ್ ಮೇಲೆ ಬೆಸುಗೆಯ ಲೇಪ). ಪ್ರೋಟೋಟೈಪ್ ಮಾಡುವವರು ಬೇರೆ ಬೇರೆ ಗಿರಾಕಿಗಳ ಬೋರ್ಡನ್ನು ಒಂದೇ ದೊಡ್ಡ ಹಾಳೆಯ ಮೇಲೆ ಸೇರಿಸಿ ಮಾಡುತ್ತಾರೆ, ಅದಕ್ಕೇ ಅಷ್ಟು ಅಗ್ಗ. ಕಪ್ಪು ಬಣ್ಣ ಬೇಕು, 2 ಔನ್ಸ್ ಬೇಕು ಅಂದರೆ ನಿಮ್ಮದು ಆ ಹಾಳೆಯಿಂದ ಆಚೆ ಬರುತ್ತದೆ, ರೇಟೂ ಏರುತ್ತದೆ, ದಿನವೂ ಜಾಸ್ತಿ ಆಗುತ್ತದೆ.

ಈಗ ಫೈಲಿಗೆ ಬರೋಣ. ಮೊದಲು ಯಾರಿಗೆ ಕೊಡುತ್ತೀರೋ ಅವರ ಸೈಟಿನಲ್ಲಿ ಕನಿಷ್ಠ ಟ್ರ್ಯಾಕ್ ಅಗಲ, ಅಂತರ, ತೂತಿನ ಅಳತೆ ನೋಡಿ ಕಿಕ್ಯಾಡ್‌ನ ಬೋರ್ಡ್ ಸೆಟಪ್‌ನಲ್ಲಿ ಹಾಕಿ, ಆಮೇಲೆ ಡಿಆರ್‌ಸಿ (ಆ ಅಳತೆ ಎಲ್ಲಾದರೂ ತಪ್ಪಿದೆಯಾ ಅಂತ ನೋಡುವ ಚೆಕ್) ಓಡಿಸಿ. ಅವರು 0.15 ಮಿ.ಮೀ. ಮಾಡುತ್ತೇವೆ ಅಂದರೂ ನಿಮ್ಮ ಬೋರ್ಡಿಗೆ ಅಷ್ಟು ಸಣ್ಣದು ಬೇಕಿಲ್ಲ, 0.3 ಇಡಿ, ಜಾಗ ಇದ್ದರೆ ಇನ್ನೂ ದಪ್ಪ ಇಡಿ. ಪಿಸಿಬಿ ಡಿಸೈನಿನ ಐಪಿಸಿ-2221 ಮಾನದಂಡದ ಲೆಕ್ಕದಲ್ಲಿ 35 ಮೈಕ್ರಾನ್ ತಾಮ್ರದ ಹೊರ ಪದರದಲ್ಲಿ 10 ಡಿಗ್ರಿ ಬಿಸಿ ಏರಿಕೆಗೆ 1 ಆಂಪಿಯರ್‌ಗೆ ಸುಮಾರು 0.3 ಮಿ.ಮೀ., 2 ಆಂಪಿಯರ್‌ಗೆ ಸುಮಾರು 0.8 ಮಿ.ಮೀ. ಬೇಕು. ನೀವು ಸಿಮ್800 (ಸಿಮ್ ಹಾಕಿ ಮೊಬೈಲ್ ನೆಟ್‌ವರ್ಕ್ ಹಿಡಿಯುವ ಮಾಡ್ಯೂಲ್) ಹಾಕಿದ್ದೀರಿ. ಅದು ನೆಟ್‌ವರ್ಕ್ ಹಿಡಿಯುವಾಗ ಕ್ಷಣ ಹೊತ್ತು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದರ ಸಪ್ಲೈ ಟ್ರ್ಯಾಕ್ ತೆಳ್ಳಗೆ, ಉದ್ದಕ್ಕೆ ಇದ್ದರೆ ವೋಲ್ಟೇಜ್ ಕುಸಿದು ಮಾಡ್ಯೂಲ್ ಪದೇ ಪದೇ ರೀಸೆಟ್ ಆಗುತ್ತದೆ. ಕೆಪಾಸಿಟರ್ ಮಾಡ್ಯೂಲಿನ ಕಾಲಿನ ಪಕ್ಕದಲ್ಲೇ ಇರಲಿ. ಹಾಂ, ಅದು 2ಜಿ ಮಾಡ್ಯೂಲ್, ಜಿಯೋ ಸಿಮ್ ನಡೆಯುವುದಿಲ್ಲ.

ಡಿಆರ್‌ಸಿ ಸರಿಯಾದ ಮೇಲೆ ಬಿ ಕೀ ಒತ್ತಿ ಗ್ರೌಂಡ್ ಏರಿಯಾ (ಗ್ರೌಂಡಿಗೆ ಸೇರಿದ ಅಗಲ ತಾಮ್ರ) ಮತ್ತೆ ತುಂಬಿಸಿ, ಆಮೇಲೆ ಪ್ಲಾಟ್ ಮಾಡಿ, ಅಂದರೆ ಫೈಲ್ ತೆಗೆಯಿರಿ. ಎರಡು ಲೇಯರ್ ಬೋರ್ಡಿಗೆ ಏಳು ಜರ್ಬರ್ ಫೈಲ್ (ಒಂದೊಂದು ಪದರದ ನಕ್ಷೆ) ಆಗುತ್ತದೆ: ಮೇಲಿನ ಮತ್ತು ಕೆಳಗಿನ ತಾಮ್ರ, ಎರಡೂ ಕಡೆಯ ಸೋಲ್ಡರ್ ಮಾಸ್ಕ್, ಎರಡೂ ಕಡೆಯ ಸಿಲ್ಕ್‌ಸ್ಕ್ರೀನ್ (ಬೋರ್ಡ್ ಮೇಲೆ ಅಚ್ಚಾಗುವ ಅಕ್ಷರ), ಒಂದು ಬೋರ್ಡಿನ ಅಂಚು. ಇದರ ಜೊತೆ ತೂತುಗಳ ಡ್ರಿಲ್ ಫೈಲ್, ಎಕ್ಸೆಲಾನ್ ಫಾರ್ಮ್ಯಾಟ್, ಮಿಲಿಮೀಟರ್‌ನಲ್ಲಿ. ಡ್ರಿಲ್ ಫೈಲ್‌ಗೆ ಬೇರೆ ಬಟನ್ ಇರುವುದರಿಂದ ತುಂಬಾ ಜನ ಅದನ್ನೇ ಮರೆತು ಜಿಪ್ ಕಳಿಸುತ್ತಾರೆ. ಜರ್ಬರ್‌ಗೂ ಡ್ರಿಲ್‌ಗೂ ಒರಿಜಿನ್ (ಅಳತೆ ಶುರುವಾಗುವ ಬಿಂದು) ಒಂದೇ ಇರಬೇಕು. ಒಂದಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಕೊಟ್ಟರೆ ತೂತುಗಳೆಲ್ಲಾ ಪ್ಯಾಡ್ ಬಿಟ್ಟು ಪಕ್ಕಕ್ಕೆ ಹೋಗಿರುತ್ತವೆ.

ಜಿಪ್ ಮಾಡಿದ ಮೇಲೆ ಅದೇ ಜಿಪ್ಪನ್ನು ಜರ್ಬರ್ ವ್ಯೂವರ್‌ನಲ್ಲಿ ತೆರೆಯಿರಿ. ಕಿಕ್ಯಾಡ್ ಲೇಔಟ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಫ್ಯಾಕ್ಟರಿಗೆ ಹೋಗುವುದು ಅದಲ್ಲ. ಒಂದೊಂದೇ ಪದರ ಹಾಕಿ ನೋಡಿ. ಪ್ರತಿ ಪ್ಯಾಡಿನ ನಡುವೆ ತೂತು ಕೂತಿದೆಯಾ, ಕೆಳಗಿನ ಕಡೆಯ ಅಕ್ಷರ ಮೇಲಿನಿಂದ ನೋಡಿದಾಗ ಉಲ್ಟಾ ಕಾಣುತ್ತದೆಯಾ (ಹಾಗೇ ಕಾಣಬೇಕು), ಅಂಚಿನ ಗೆರೆ ಪೂರ್ತಿ ಮುಚ್ಚಿದೆಯಾ. ಡಿಸಿ ಜಾಕ್ ಹಾಕಿದ್ದರೆ ಅದರ ತೂತು ಗುಂಡಗಿದೆಯಾ ಉದ್ದಕ್ಕಿದೆಯಾ ಅಂತಲೂ ನೋಡಿ. ಜಾಕಿನ ಕಾಲು ಚಪ್ಪಟೆ, ಅದಕ್ಕೆ ಉದ್ದನೆಯ ಸ್ಲಾಟ್ ಬೇಕು. ನನ್ನ ಒಂದು ಬ್ಯಾಚಿನಲ್ಲಿ ಫೂಟ್‌ಪ್ರಿಂಟ್ (ಪಾರ್ಟಿನ ಕಾಲು ಕೂರುವ ನಕ್ಷೆ) ತಪ್ಪಿ 1 ಮಿ.ಮೀ. ಗುಂಡು ತೂತು ಬಂದಿತ್ತು, ಜಾಕಿನ ಕಾಲನ್ನು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಬೇಕಾಯಿತು.

ಇದಕ್ಕಿಂತ ಮುಖ್ಯ ಪೇಪರ್ ಪ್ರಿಂಟ್. ದಯವಿಟ್ಟು ಇದನ್ನು ಮಾಡದೆ ಆರ್ಡರ್ ಹಾಕಬೇಡಿ. ಬೋರ್ಡನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆಸಿ. ಜೆರಾಕ್ಸ್ ಅಂಗಡಿಯವರಿಗೆ "ಫಿಟ್ ಟು ಪೇಜ್ ತೆಗೆದು ಕೊಡಣ್ಣ" ಅಂತ ಹೇಳಲೇಬೇಕು, ಇಲ್ಲದಿದ್ದರೆ ಸ್ವಲ್ಪ ಕುಗ್ಗಿ ಬರುತ್ತದೆ. ಸ್ಕೇಲ್ ಇಟ್ಟು ಬೋರ್ಡಿನ ಉದ್ದ ಅಳೆದು ನೋಡಿ. ಆಮೇಲೆ ಆ ಹಾಳೆಯನ್ನು ಥರ್ಮಾಕೋಲ್ ತುಂಡಿನ ಮೇಲಿಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್), ಟ್ರಾನ್ಸ್‌ಫಾರ್ಮರ್, ಟರ್ಮಿನಲ್ ಬ್ಲಾಕ್ ಒಂದೊಂದನ್ನೇ ಅದರ ಜಾಗದಲ್ಲಿ ಚುಚ್ಚಿ. ಪೇಪರಿನ ಪ್ಯಾಡ್ ನಡುವೆಯೇ ಕಾಲು ಇಳಿಯಬೇಕು. ಹಸಿರು ಟರ್ಮಿನಲ್ ಬ್ಲಾಕಿನಲ್ಲಿ ಕಾಲಿಂದ ಕಾಲಿಗೆ 5 ಮಿ.ಮೀ. ಇರುವುದೂ ಉಂಟು, 5.08 ಇರುವುದೂ ಉಂಟು, ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ಕಾಲಿನದ್ದಾದರೆ ಹೇಗೋ ಕೂರುತ್ತದೆ. ಎಂಟು ಕಾಲಿನದ್ದಾದರೆ ಕೊನೆಯ ಕಾಲಿಗೆ ಬರುವಷ್ಟರಲ್ಲಿ 0.56 ಮಿ.ಮೀ. ಸರಿದಿರುತ್ತದೆ, ಒತ್ತಿದರೆ ಕಾಲು ಬಾಗುತ್ತದೆ. ಪೇಪರಿನಲ್ಲಿ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಟ್ರಾನ್ಸಿಸ್ಟರನ್ನೂ ಹಾಗೇ ನೋಡಿ. ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದೇ ಪ್ಲಾಸ್ಟಿಕ್ ಪಿಎನ್2222 ಆದರೆ ಎಮಿಟರ್, ಬೇಸ್, ಕಲೆಕ್ಟರ್. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟಿರುತ್ತಾರೆ.

ಇನ್ನು ನೀವು ಕೇಳದೇ ಇರುವ, ಆದರೆ ನನಗೆ ನಿಮ್ಮ ಚಿತ್ರ ನೋಡಿದ ತಕ್ಷಣ ಹೆದರಿಕೆ ಆದ ವಿಷಯ. ನೀವು ಹಾಕಿರುವ ನೀಲಿ ಬಣ್ಣದ ಚೌಕ ರಿಲೇಯ ಕಾಮನ್ ಕಾಲು (ಸ್ವಿಚ್ ಕಡೆಯದು) ಕಾಯಿಲಿನ (ಸ್ವಿಚ್ ಎಳೆಯುವ ಸುರುಳಿ) ಎರಡು ಕಾಲುಗಳ ನಡುವೆಯೇ ಬರುತ್ತದೆ. ಕಾಮನ್‌ನಲ್ಲಿ ಲೈನ್ ಕರೆಂಟು, ಎರಡೂ ಪಕ್ಕದಲ್ಲಿ ನಿಮ್ಮ 5 ವೋಲ್ಟು. ಪ್ಯಾಡ್‌ನಿಂದ ಪ್ಯಾಡ್‌ಗೆ ಉಳಿಯುವ ಜಾಗ ಬಹಳ ಕಡಿಮೆ. ಅದರ ಸುತ್ತ ಬೋರ್ಡನ್ನೇ ಕತ್ತರಿಸಿ ಸ್ಲಾಟ್ ಮಾಡಿಸಿ. ಅಂಚಿನ ಪದರದಲ್ಲೇ ಆ ಸ್ಲಾಟ್ ಬರೆಯಿರಿ, ಜೊತೆಗೆ ಒಂದು ಸಾಲು ನೋಟ್ ಬರೆದು ಜಿಪ್ಪಿನಲ್ಲಿ ಹಾಕಿ. ಸ್ಲಾಟಿನ ಅಗಲ ಅವರ ರೌಟರ್ ಬಿಟ್‌ಗಿಂತ (ಬೋರ್ಡ್ ಕತ್ತರಿಸುವ ಬಿಟ್) ಕಮ್ಮಿ ಇರಬಾರದು, ನಾನು 2 ಮಿ.ಮೀ. ಕೊಡುತ್ತೇನೆ. ಲೈನ್ ಕಡೆಯ ತಾಮ್ರಕ್ಕೂ ಮಿಕ್ಕ ಸರ್ಕ್ಯೂಟಿಗೂ ಉಳಿದ ಕಡೆಯೆಲ್ಲಾ 6 ಮಿ.ಮೀ.ಗಿಂತ ಜಾಸ್ತಿ ಬಿಡಿ, ಗ್ರೌಂಡ್ ಏರಿಯಾ ಆ ಕಡೆ ಹೋಗಲೇಬಾರದು. ಪಂಪ್ ಮನೆಯ ಡಬ್ಬಿ ಒಳಗೆ ಧೂಳು ಕೂರುತ್ತದೆ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಬರುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವ ಸುಟ್ಟ ಬೋರ್ಡುಗಳಲ್ಲಿ ಟರ್ಮಿನಲ್ ಮಧ್ಯೆ ಕರಕಲಾದ ಹಲ್ಲಿ ಎಷ್ಟು ಸಲ ನೋಡಿದ್ದೇನೋ.

ಜೊತೆಗೆ ಸ್ಟಾರ್ಟರ್ ತೆರೆದು ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕಾಯಿಲ್ ಮೇಲೆ ಏನು ಬರೆದಿದೆ ಓದಿ. ಮೂರು ಫೇಸಿನ ತೋಟದ ಸ್ಟಾರ್ಟರುಗಳಲ್ಲಿ 415 ವೋಲ್ಟಿನ ಕಾಯಿಲ್ ಇರುವುದು ಮಾಮೂಲು. ನಿಮ್ಮ ರಿಲೇ ಮೇಲೆ ಬರೆದಿರುವುದು 250 ವೋಲ್ಟ್. ಕಾಯಿಲ್ 415ರದ್ದಾಗಿದ್ದರೆ ಈ ರಿಲೇ ನೇರವಾಗಿ ಹಾಕಬೇಡಿ, 415ಕ್ಕೆ ತಡೆಯುವ ಇನ್ನೊಂದು ರಿಲೇ ನಡುವೆ ಬೇಕು, ಅದಕ್ಕೆ ಲೇಔಟ್ ಕೂಡ ಬದಲಾಗುತ್ತದೆ. ತೆರೆಯುವ ಮುಂಚೆ ಮೇನ್ ಫ್ಯೂಸ್ ಕಿತ್ತು ಜೇಬಲ್ಲಿಟ್ಟುಕೊಳ್ಳಿ. ಬೆಸ್ಕಾಂ ಮೂರು ಫೇಸ್ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗುವುದಿಲ್ಲ, ಅಪ್ಪನೋ ತೋಟದ ಆಳೋ ಪಕ್ಕದಲ್ಲಿ ಇರಲಿ.

ಸಿಲ್ಕ್‌ಸ್ಕ್ರೀನ್ ಬಗ್ಗೆ ಒಂದು ಆಸೆ ಹೇಳುತ್ತೇನೆ. ಟರ್ಮಿನಲ್ ಪಕ್ಕದಲ್ಲಿ ಕನ್ನಡದಲ್ಲಿ ಬರೆಯಿರಿ: ಮೋಟಾರ್, ಲೈನ್, ಆನ್, ಆಫ್. ಕಿಕ್ಯಾಡ್ 7ರಿಂದ ಕಂಪ್ಯೂಟರಿನಲ್ಲಿರುವ ಫಾಂಟ್ ಬಳಸಬಹುದು, ಒತ್ತಕ್ಷರವೂ ಸರಿಯಾಗಿ ಬರುತ್ತದೆ. ಆದರೆ ಇಂಗ್ಲಿಷ್ ಅಕ್ಷರದ ಥರ 1 ಮಿ.ಮೀ. ಎತ್ತರ ಇಟ್ಟರೆ ಒತ್ತು, ಕೊಂಬು ಎಲ್ಲಾ ಮೆತ್ತಿಹೋಗುತ್ತದೆ. 2.5 ಮಿ.ಮೀ. ಇಡಿ, ಗೆರೆ 0.15ಕ್ಕಿಂತ ತೆಳ್ಳಗಿರದ ಫಾಂಟ್ ಆರಿಸಿ. ಮುಂದೆ ನೀವು ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗಿರುತ್ತೀರಿ, ಆಗ ಡಬ್ಬಿ ತೆರೆದು ವೈರ್ ಬಿಗಿಯುವುದು ಊರಿನ ಎಲೆಕ್ಟ್ರಿಷಿಯನ್ ಅಲ್ವಾ. ಅವರಿಗೆ ಓದಲು ಬರಬೇಕು.

ಜಿಪ್ ರೆಡಿ ಆದ ಮೇಲೆ, ಕಳಿಸುವ ಮುಂಚೆ, ಜರ್ಬರ್ ವ್ಯೂವರ್‌ನ ಎರಡು ಚಿತ್ರ ಇಲ್ಲಿ ಹಾಕಿ, ಮೇಲಿನ ತಾಮ್ರದ್ದು ಒಂದು, ಕೆಳಗಿನದ್ದು ಒಂದು. ರಿಲೇ ಸುತ್ತಲಿನ ಜಾಗ ಚೆನ್ನಾಗಿ ಕಾಣುವ ಹಾಗಿರಲಿ. ಅಂಗಡಿ ಮುಗಿಸಿ ರಾತ್ರಿ ನೋಡಿ ಹೇಳುತ್ತೇನೆ.