ರಿಜಿಸ್ಟರಿನಲ್ಲಿ ಬರೆದ ಜೂನ್ ಒಂದು

ಪ್ರಿಯ ಮಾಸ್ಟ್ರೇ,

ಕುಂಬಳೆಯಿಂದ ನೀವು ಬರೆದ ಕಾಗದ ತಲುಪಿತು. "ಬೈಕ್ ಕದ್ದ ಹದಿನೇಳರ ಹುಡುಗ ವಾರದೊಳಗೆ ಮನೆಗೆ ಬಂದ. ಕಾನೂನು ಸಡಿಲ ಮಾಡಿ ಜೈಲು ಖಾಲಿ ಮಾಡಿದರೆ ಊರಿಗೇನು ಲಾಭ?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಬೈಕ್ ಹೋದವನಿಗೆ ಅಂದಿನ ಕೂಲಿಯೂ ಹೋಯಿತು, ಅಲ್ವಾ?

ಆದರೆ ಜೈಲಿನಲ್ಲಿ ಎಷ್ಟು ಹುಡುಗರಿರುತ್ತಾರೆ ಎಂಬುದು ವಯಸ್ಸಿನ ಗೆರೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ಗಂಡು ಹುಡುಗನಿಗೆ 16 ತುಂಬಿದರೆ ದೊಡ್ಡವರ ಲೆಕ್ಕ. 2000ದ ಕಾಯ್ದೆ ಆ ಗೆರೆಯನ್ನು 18ಕ್ಕೆ ಸರಿಸಿತು. 2015ರ ಕಾಯ್ದೆ ಘೋರ ಅಪರಾಧವಾದರೆ ಮಾತ್ರ 16 ದಾಟಿದವರನ್ನು ದೊಡ್ಡವರಂತೆ ವಿಚಾರಿಸಲು ದಾರಿ ಬಿಟ್ಟಿತು. ಆಗಲೂ 21 ಆಗುವ ತನಕ ಜೈಲಿಗೆ ಹಾಕುವಂತಿಲ್ಲ. ಬೈಕ್ ಕಳವು ಆ ಸಾಲಿಗೆ ಸೇರುವುದೇ ಇಲ್ಲ. ಅಂಥ ಹುಡುಗನಿಗೆ ಜಾಮೀನು ಕೊಡುವುದೇ ನಿಯಮ, ತಡೆಯಬೇಕಾದರೆ ಕಾರಣ ಬರೆಯಬೇಕು.

ಇನ್ನು ವಯಸ್ಸು ಯಾರು ಹೇಳುತ್ತಾರೆ? ಮೊದಲು ನೋಡುವುದು ಶಾಲೆಯ ದಾಖಲೆಯನ್ನು, ಅದಿಲ್ಲದಿದ್ದರೆ ಪಂಚಾಯತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಮಳೆ ಹಿಡಿದ ದಿನ ಶಾಲೆಗೆ ಸೇರಲು ಅಮ್ಮನ ಕೈ ಹಿಡಿದು ಬಂದ ಮಗು. ಹುಟ್ಟಿದ ದಿನ ಗೊತ್ತಿಲ್ಲ ಎನ್ನುತ್ತಾಳೆ ಅಮ್ಮ. ಮಾಸ್ಟ್ರು ಪೆನ್ನು ತೆಗೆದು ಸುಮ್ನೆ 'ಜೂನ್ 1' ಎಂದು ಬರೆಯುತ್ತಾರೆ. ನೀವೂ ಎಷ್ಟು ಸಲ ಬರೆದಿರಬಹುದು! ಹತ್ತು ವರ್ಷದ ಮೇಲೆ ಅದೇ ಸಾಲು ಆ ಹುಡುಗ ಜೈಲಿಗೋ ಬಾಲಮಂದಿರಕ್ಕೋ ಎಂದು ತೀರ್ಮಾನಿಸುತ್ತದೆ.

1994ರಲ್ಲಿ ಈಗಿನ ಉತ್ತರಾಖಂಡದ ಡೆಹ್ರಾಡೂನಿನಲ್ಲಿ ನಡೆದ ಕೊಲೆಗೆ ಒಬ್ಬನಿಗೆ ಗಲ್ಲು ವಿಧಿಸಲಾಗಿತ್ತು, ಆಮೇಲೆ ಅದು ಜೀವಾವಧಿಯಾಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಟ್ಟಿತು. ಕೃತ್ಯ ನಡೆದಾಗ ಅವನಿಗೆ 14 ವರ್ಷ. ಜೈಲಿನಲ್ಲಿ ಕಳೆದದ್ದು ಸುಮಾರು 25 ವರ್ಷ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿಟ್ಟರೆ ಊರು ಕೆಡುತ್ತದೆ ಎಂಬ ಭಯ ಅಮೆರಿಕದವರಿಗೂ ಇತ್ತು. ಅಲ್ಲಿ 2000ದಲ್ಲಿ ಲಕ್ಷ ದಾಟಿದ್ದ ಬಂದಿ ಮಕ್ಕಳ ಸಂಖ್ಯೆ 2020ಕ್ಕೆ ಸುಮಾರು 25,000ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಅಪರಾಧಕ್ಕಾಗಿ ಪೊಲೀಸರು ಮಕ್ಕಳನ್ನು ಹಿಡಿಯುವುದೂ ತುಂಬ ಕಡಿಮೆಯಾಯಿತು. ಎಲ್ಲವೂ ಕಾನೂನಿಂದಲೇ ಆಯಿತು ಎನ್ನಲಾರೆ. ಆದರೆ ಭಯಪಟ್ಟ ಹಾಗೆ ಆಗಲಿಲ್ಲ.

ನನ್ನ ಚಿಂತೆ ಬೇರೆ. ನಮ್ಮ ಕಾಸರಗೋಡಿನ ಹುಡುಗ ಕನ್ನಡವೋ ತುಳುವೋ ಆಡುತ್ತಾನೆ, ಮಕ್ಕಳ ಪ್ರಕರಣ ಕೇಳುವ ಬಾಲನ್ಯಾಯ ಮಂಡಳಿಯಲ್ಲಿ ಮಾತು ಮಲಯಾಳದಲ್ಲಿ ನಡೆದರೆ ಅವನು ತಲೆ ತಗ್ಗಿಸಿ ಹೂಂ ಎನ್ನುತ್ತಾನೆ. ಭಾಷೆ ತಿಳಿಯದ ಮಗುವಿಗೆ ದುಭಾಷಿ ಕೊಡಬೇಕು, ಅವರಿಗೆ ಶುಲ್ಕವನ್ನೂ ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ನಿಮಗೆ ಮೂರೂ ಭಾಷೆ ಬರುತ್ತದೆ ಎಂದು ಕಾಗದ ಓದಿಯೇ ಗೊತ್ತಾಯಿತು. ಒಮ್ಮೆ ಹೋಗಿ ವಿಚಾರಿಸ್ತೀರಾ, ಮಾಸ್ಟ್ರೇ?

— ಸಂಪಾದಕ