ನಿಷೇಧದಲ್ಲಿರುವ ಫೈಟರ್‌ಗೆ ನಿವೃತ್ತಿಯೇ ಕಳ್ಳದಾರಿಯೇ?

ಪ್ರಶ್ನೆ: ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ವೃತ್ತಿಪರ ಫೈಟರ್‌ಗಳನ್ನು ನಿಷೇಧದ ಅವಧಿಯಲ್ಲೂ ಪರೀಕ್ಷಿಸುತ್ತಾರೆಯೇ? ಇಲ್ಲವಾದರೆ ಆ ಒಂದೆರಡು ವರ್ಷ ಬೇಕಾದದ್ದನ್ನು ಚುಚ್ಚಿಕೊಂಡು, ಮೈ ಬೆಳೆಸಿಕೊಂಡು ಮರಳಬಹುದಲ್ಲವೇ? ನಿಷೇಧದ ವರ್ಷಗಳನ್ನು ಹೆಚ್ಚಿಸಿದರೆ ಇದು ನಿಂತೀತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಯಮದ ಪ್ರಕಾರ ಪರೀಕ್ಷೆ ನಿಲ್ಲುವುದಿಲ್ಲ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಸಂಹಿತೆಯಂತೆ, ನಿಷೇಧದಲ್ಲಿರುವ ಕ್ರೀಡಾಪಟುವಿನ ಮನೆಬಾಗಿಲಿಗೆ ಯಾವ ದಿನ ಬೇಕಾದರೂ ಮುನ್ಸೂಚನೆಯಿಲ್ಲದೆ ಬಂದು ಮಾದರಿ ಕೇಳಬಹುದು. ಮಿಶ್ರ ಸಮರಕಲೆಯ (ಎಂಎಂಎ) ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯು ವಾಡಾ ಸಂಹಿತೆಗೆ ಸಹಿ ಹಾಕಿಲ್ಲವಾದರೂ, 2015ರ ಜುಲೈನಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಯುಸಾಡಾ ಮೂಲಕ ಆರಂಭಿಸಿದ ಪರೀಕ್ಷಾ ವ್ಯವಸ್ಥೆಯಲ್ಲಿ ಇದೇ ಕ್ರಮವನ್ನು ಇಟ್ಟುಕೊಂಡಿತ್ತು. ಆದರೆ ಇದೆಲ್ಲ ಅನ್ವಯಿಸುವುದು ಫೈಟರ್‌ನ ಹೆಸರು ಪರೀಕ್ಷಾ ಪಟ್ಟಿಯಲ್ಲಿ ಇರುವವರೆಗೆ ಮಾತ್ರ. ನಿವೃತ್ತಿ ಪತ್ರ ಕೊಟ್ಟ ದಿನ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. ನೀವು ಹುಡುಕುತ್ತಿರುವ ಕಂಡಿ ಇರುವುದು ಅಲ್ಲಿಯೇ.

ಅಮೆರಿಕದ ಫೈಟರ್ ಬ್ರಾಕ್ ಲೆಸ್ನರ್ ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ನಿವೃತ್ತರಾಗಿದ್ದ ಅವರು 2016ರ ಜುಲೈ 9ರಂದು ಯುಎಫ್‌ಸಿ 200ರಲ್ಲಿ ಮಾರ್ಕ್ ಹಂಟ್ ಎದುರು ಇಳಿದರು. ಮರಳುವವರು ನಾಲ್ಕು ತಿಂಗಳು ಮೊದಲೇ ಪರೀಕ್ಷೆಗೆ ಲಭ್ಯರಿರಬೇಕೆಂಬ ನಿಯಮವಿದ್ದರೂ ಯುಎಫ್‌ಸಿ ಅವರಿಗೆ ವಿನಾಯಿತಿ ಕೊಟ್ಟಿತು. ಜೂನ್ 28ರಂದು ಪಡೆದ ಮಾದರಿಯಲ್ಲಿ ಕ್ಲೋಮಿಫೀನ್ ಇದೆಯೆಂಬ ವರದಿ ಬಂದದ್ದು ಹೋರಾಟ ಮುಗಿದ ಮೇಲೆ. ಇದು ಬಂಜೆತನದ ಚಿಕಿತ್ಸೆಯಲ್ಲಿ ಮಹಿಳೆಯರಿಗೆ ಕೊಡುವ ಔಷಧ. ಸ್ಟಿರಾಯ್ಡ್ ನಿಲ್ಲಿಸಿದ ಪುರುಷರು ಕುಸಿದ ಟೆಸ್ಟೋಸ್ಟಿರೋನ್ ಏರಿಸಿಕೊಳ್ಳಲು ಇದರ ಮೊರೆ ಹೋಗುವುದರಿಂದ ನಿಷೇಧಿತ ಪಟ್ಟಿಯಲ್ಲಿದೆ. ಗೆಲುವು ರದ್ದಾಯಿತು, ಪಂದ್ಯ ನಡೆದ ನೆವಾಡಾ ರಾಜ್ಯದ ಕ್ರೀಡಾ ಆಯೋಗ 2,50,000 ಡಾಲರ್ ದಂಡ ಹಾಕಿತು, ಒಂದು ವರ್ಷದ ನಿಷೇಧ ಬಂತು. ಅದು ಮುಗಿಯುವ ಮೊದಲೇ, 2017ರ ಫೆಬ್ರುವರಿಯಲ್ಲಿ, ಲೆಸ್ನರ್ ಮತ್ತೆ ನಿವೃತ್ತಿ ಘೋಷಿಸಿದರು. ನಿಷೇಧದ ಲೆಕ್ಕ ಅಲ್ಲಿಗೇ ನಿಂತಿತು. 2018ರ ಜುಲೈನಲ್ಲಿ ಪಟ್ಟಿಗೆ ಮರಳಿದಾಗ ಉಳಿದ ಸುಮಾರು ಆರು ತಿಂಗಳು ಮತ್ತೆ ಓಡತೊಡಗಿತು.

ನಿವೃತ್ತಿಯಲ್ಲಿ ಶಿಕ್ಷೆ ಕರಗಲಿಲ್ಲವಾದ್ದರಿಂದ ಇದು ನ್ಯಾಯವೆಂದೇ ತೋರುತ್ತದೆ. ಆದರೆ ಶಿಕ್ಷೆಯ ಜೊತೆಗೆ ಯುಸಾಡಾ ಪರೀಕ್ಷೆಯೂ ಸುಮಾರು 17 ತಿಂಗಳು ನಿಂತಿತ್ತು. ಆ ಅವಧಿಯಲ್ಲಿ ಲೆಸ್ನರ್ ಏನಾದರೂ ಸೇವಿಸಿದರೆಂದು ಹೇಳಲು ಯಾವ ಆಧಾರವೂ ಇಲ್ಲ. ಅವರು ಯುಎಫ್‌ಸಿ ಅಖಾಡಕ್ಕೆ ಮರಳಲೂ ಇಲ್ಲ. ನನ್ನ ಆಕ್ಷೇಪ ವ್ಯವಸ್ಥೆಯ ಬಗ್ಗೆ. ಮದ್ದಿನ ಬಲದಿಂದ ಕಟ್ಟಿದ ಸ್ನಾಯು ಮದ್ದು ಮೂತ್ರದಿಂದ ಮಾಯವಾದ ದಿನವೇ ಕರಗುವುದಿಲ್ಲ. ರಕ್ತ ಮತ್ತು ಹಾರ್ಮೋನುಗಳ ಮಟ್ಟವನ್ನು ಕ್ರೀಡಾಪಟುವಿನ ಹಿಂದಿನ ಮಾದರಿಗಳೊಂದಿಗೇ ಹೋಲಿಸಿ ನೋಡುವ ಜೈವಿಕ ಪಾಸ್‌ಪೋರ್ಟ್‌ಗೂ ನಡುವೆ ಒಂದೂವರೆ ವರ್ಷದ ಹಾಳೆಗಳು ಖಾಲಿ ಉಳಿದರೆ ಹೋಲಿಕೆಯ ಬಲ ಕುಗ್ಗುತ್ತದೆ.

ಮರಳುವವರಿಗಿದ್ದ ನಾಲ್ಕು ತಿಂಗಳ ನಿಯಮವನ್ನು ಯುಎಫ್‌ಸಿ ನಂತರ ಆರಕ್ಕೆ ಏರಿಸಿತು. ವಾಡಾ ಸಂಹಿತೆ ಇನ್ನೂ ಬಿಗಿ: ನಿಷೇಧದ ನಡುವೆ ನಿವೃತ್ತರಾದವರು ಮರಳಬೇಕಾದರೆ ಆರು ತಿಂಗಳು, ಅಥವಾ ಉಳಿದ ನಿಷೇಧ ಅದಕ್ಕಿಂತ ಹೆಚ್ಚಿದ್ದರೆ ಅಷ್ಟೂ ಕಾಲ, ಮುಂಚಿತವಾಗಿ ತಿಳಿಸಿ ಪರೀಕ್ಷೆಗೆ ಲಭ್ಯರಿರಬೇಕು. ಆದರೂ ಟಿಕೆಟ್ ಮಾರುವವರ ಕೈಯಲ್ಲೇ ವಿನಾಯಿತಿಯ ಕೀಲಿಕೈ ಇದ್ದರೆ ತಿಂಗಳುಗಳ ಸಂಖ್ಯೆಗೆ ಹೆಚ್ಚು ಬೆಲೆಯಿಲ್ಲ.

ಬಾಕ್ಸಿಂಗ್‌ನಲ್ಲಿ ಕಂಡಿ ಭೂಪಟದಲ್ಲಿದೆ. ಅಮೆರಿಕದ 1996ರ ಕಾಯ್ದೆಯಂತೆ, ಪರೀಕ್ಷೆಯಲ್ಲಿ ಸೋತು ಒಂದು ರಾಜ್ಯದಲ್ಲಿ ಅಮಾನತಾದ ಬಾಕ್ಸರ್‌ನನ್ನು ಮತ್ತೊಂದು ರಾಜ್ಯ ಕಣಕ್ಕಿಳಿಸುವಂತಿಲ್ಲ. ಎಂಎಂಎ ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ದೇಶದ ಗಡಿ ದಾಟಿದರೆ ಕಥೆಯೇ ಬೇರೆ. 2022ರಲ್ಲಿ ಕ್ಲೋಮಿಫೀನ್ ಪತ್ತೆಯಾಗಿ ಬ್ರಿಟನ್‌ನ ಕಾನರ್ ಬೆನ್ ಅವರ ಲಂಡನ್ ಪಂದ್ಯ ರದ್ದಾಯಿತು. ತಾಯ್ನಾಡಿನ ಪರವಾನಗಿಯನ್ನು ಬಿಟ್ಟುಕೊಟ್ಟಿದ್ದ ಅವರು, ಅಲ್ಲಿನ ವಿಚಾರಣೆ ಇತ್ಯರ್ಥವಾಗುವ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕಣಕ್ಕಿಳಿದರು. 2024ರ ನವೆಂಬರ್‌ನಲ್ಲಿ ಅವರ ಮೇಲಿನ ಆರೋಪ ಸಾಬೀತಾಗಲಿಲ್ಲವೆಂದು ತೀರ್ಪು ಬಂದದ್ದನ್ನೂ ಇಲ್ಲಿ ಹೇಳಲೇಬೇಕು. ಇನ್ನು ವಾಡಾ ಎಂದು ತಪ್ಪಾಗಿ ಓದಿಕೊಳ್ಳುವ ‘ವಿಎಡಿಎ’ (ಸ್ವಯಂಪ್ರೇರಿತ ಉದ್ದೀಪನ ಮದ್ದು ತಡೆ ಸಂಘ) ನಡೆಸುವ ಪರೀಕ್ಷೆ ಹೆಸರಿಗೆ ತಕ್ಕಂತೆ ಸ್ವಯಂಪ್ರೇರಿತ, ಬಹುಪಾಲು ಒಂದು ಪಂದ್ಯದ ಒಪ್ಪಂದಕ್ಕೆ ಅಂಟಿಕೊಂಡಿರುವುದರಿಂದ, ಪಂದ್ಯವೇ ಇಲ್ಲದ ಅಮಾನತಿನ ಕಾಲದಲ್ಲಿ ಅದು ತಾನಾಗಿ ಅನ್ವಯಿಸುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ವರ್ಷಗಳನ್ನು ಹೆಚ್ಚಿಸುವುದರಿಂದ ಈ ಕಂಡಿ ಮುಚ್ಚದು. ಶಿಕ್ಷೆ ಉದ್ದವಾದಷ್ಟೂ ನಿವೃತ್ತಿ ಪತ್ರದ ಆಸೆ ಹೆಚ್ಚೀತು. ನಿವೃತ್ತರಾದರೂ ನಿಷೇಧ ಬಾಕಿ ಇರುವವರ ಹೆಸರನ್ನು ಪರೀಕ್ಷಾ ಪಟ್ಟಿಯಲ್ಲೇ ಉಳಿಸಬೇಕು. ಅದಕ್ಕೆ ಒಪ್ಪದೆ ಹೊರಹೋದವರು ಮರಳುವಾಗ, ಪಟ್ಟಿಯ ಹೊರಗಿದ್ದಷ್ಟೇ ತಿಂಗಳುಗಳನ್ನು ಪರೀಕ್ಷೆಯ ಅಡಿಯಲ್ಲಿ ಕಳೆದ ಬಳಿಕವೇ ಪರವಾನಗಿ ಸಿಗಬೇಕು.